ಕೊಟ್ಟಿಗೆಯಲ್ಲಿ ಇಂಟರ್ನೆಟ್ ಕಟ್ಟುವ ಕ್ರಮ

ಯಾರಿಗೆ ಅನ್ವಯ

ಮನೆಯಲ್ಲಿ ಇಂಟರ್ನೆಟ್ ಇದ್ದು, ಕೂಗಳತೆಯ ದೂರದಲ್ಲಿ ಒಂದು ಕೆಲಸದ ಶೆಡ್ಡೂ ಇದ್ದು, ಅಲ್ಲಿಗೆ ಇಂಟರ್ನೆಟ್ ಹೋಗದೆ ಬರೀ ಕೂಗು ಹೋಗುತ್ತಿರುವ ಎಲ್ಲರಿಗೂ ಈ ಕೈಪಿಡಿ ಅನ್ವಯಿಸುತ್ತದೆ. ಶೆಡ್ಡು ಹಿಂದೆ ದನದ ಕೊಟ್ಟಿಗೆಯಾಗಿದ್ದರೆ ಇನ್ನೂ ಒಳ್ಳೆಯದು. ಏನನ್ನಾದರೂ ಕಟ್ಟಿಹಾಕಲು ಕಂಬಗಳು ತಯಾರಾಗಿಯೇ ಇರುತ್ತವೆ.

ಮಾದರಿಗೆ ನಮ್ಮ ಮನೆಯನ್ನೇ ಇಟ್ಟುಕೊಂಡಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಕೊಟ್ಟಿಗೆಗೆ ಜಂಬಿಟ್ಟಿಗೆಯ ಕಂಬ, ಸುತ್ತಲೂ ತಗಡು, ಮೇಲೂ ತಗಡು. ದನಗಳನ್ನೆಲ್ಲ ಕೊಟ್ಟ ಮೇಲೆ ಅದರೊಳಗೆ ನಾನು ಸೇರಿಕೊಂಡೆ. ಕಳೆ ಕತ್ತರಿಸುವ ಮೆಷಿನ್ನು, ಔಷಧಿ ಹೊಡೆಯುವ ಪಂಪು, ಅಡಿಕೆ ಸುಲಿಯುವ ಯಂತ್ರ, ಇವುಗಳ ರಿಪೇರಿ ನನ್ನ ಕಸುಬು. ಮನೆಯಿಂದ ಕೊಟ್ಟಿಗೆಗೆ ನೆಟ್ಟಗೆ ಹಗ್ಗ ಹಿಡಿದರೆ 60 ಮೀಟರು, ನಡೆದು ಹೋದರೆ 110. ಈ ವ್ಯತ್ಯಾಸಕ್ಕೆ ಅಣ್ಣಯ್ಯನ ಅಂಗಳ ಕಾರಣ. ಹಿಸೆಯಾದಾಗ ಹಳೇ ಮನೆ ನನಗೆ, ಹೊಸ ಮನೆ ಅವನಿಗೆ, ಕೊಟ್ಟಿಗೆ ನನಗೆ, ನಡುವಿನ ಅಂಗಳ ಅವನಿಗೆ ಬಂತು. ಅಂಗಳದ ಅಂಚಿನ ಹಲಸಿನ ಮರ ಯಾರಿಗೆ ಎನ್ನುವುದನ್ನು ಪಾಲುಪಟ್ಟಿಯಲ್ಲಿ ಬರೆಯಲು ಮರೆತಿದ್ದರು. ಅಲ್ಲಿಂದೀಚೆಗೆ ನಾವಿಬ್ಬರೂ ನೇರ ಮಾತಾಡಿದ್ದು ಕಡಿಮೆ, ಅಂಗಳ ದಾಟಿದ್ದು ಇನ್ನೂ ಕಡಿಮೆ. ಇಂಟರ್ನೆಟ್ಟಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ಹಿಸೆಯಾಗದ ಮನೆಯವರು. ಅವರು ಈ ಕೈಪಿಡಿಯನ್ನು ಓದದಿದ್ದರೂ ನಡೆಯುತ್ತದೆ.

ಯಾಕೆ ಬೇಕು

ರೀಲ್ಸ್ ನೋಡುವುದಕ್ಕೆ ಎಂದು ಅಮ್ಮ ನಂಬಿದ್ದಾಳೆ. ಅಸಲು ಕಾರಣ ದುಡ್ಡು. ಹತ್ತು ವರ್ಷದ ಹಿಂದೆ ರಿಪೇರಿಗೆ ಬಂದವರು ಅಂಗಿ ಜೇಬಿನಿಂದ ಒದ್ದೆ ನೋಟು ತೆಗೆದು ಕೊಡುತ್ತಿದ್ದರು. ಈಗ ಎಲ್ಲರೂ ಕಂಬಕ್ಕೆ ಅಂಟಿಸಿದ ಕ್ಯೂಆರ್ ಚೀಟಿಗೆ ಫೋನು ಹಿಡಿಯುತ್ತಾರೆ. ಫೋನು ಚಕ್ರ ತಿರುಗಿಸುತ್ತದೆ, ತಗಡಿನೊಳಗೆ ಸಿಗ್ನಲ್ ಇಲ್ಲ. "ಒಂದ್ನಿಮಿಷ ಮಾರಾಯ್ರೆ" ಎಂದು ಹಲಸಿನ ಮರದ ಬುಡಕ್ಕೆ ಹೋಗುತ್ತಾರೆ. ನಮ್ಮ ಇಡೀ ಜಾಗದಲ್ಲಿ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಬರುವುದು ಅಲ್ಲೊಂದೇ ಕಡೆ. ಅಲ್ಲಿ ಅಣ್ಣಯ್ಯ ಸಿಗುತ್ತಾನೆ, ಕವಳದ ಸಂಚಿ ಬಿಚ್ಚುತ್ತಾನೆ, ಅಡಿಕೆ ರೇಟಿನ ಮಾತು ಬರುತ್ತದೆ. ಬಂದವರು ಹಾಗೆಯೇ ಗಾಡಿ ಹತ್ತಿ ಹೋಗುತ್ತಾರೆ. ಒಂದು ಮಳೆಗಾಲದಲ್ಲಿ ಹೀಗೆ ಆ ಮರದಡಿಯಲ್ಲಿ ನಾನು ಕಳೆದುಕೊಂಡದ್ದು ಆ ಮರ ಬಿಟ್ಟ ಹಲಸಿನಹಣ್ಣಿನ ಕ್ರಯಕ್ಕಿಂತ ಜಾಸ್ತಿ.

ಮೊದಲು ಅಳತೆ

ಅಳತೆ ತೆಗೆಯದೆ ಪೇಟೆಗೆ ಹೋಗಬೇಡಿ. ಹೋದರೆ ಅಂಗಡಿಯವನ ಹತ್ತಿರ ಇರುವುದು ನಿಮಗೆ ಬೇಕಾದದ್ದಾಗಿ ಕಾಣಿಸುತ್ತದೆ.

ವೈಫೈ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಆಪ್‌ಗಳು ಪುಕ್ಕಟೆ ಸಿಗುತ್ತವೆ. ಅದರಲ್ಲಿ ಅಂಕಿಗಳ ಹಿಂದೆ ಮೈನಸ್ ಇರುತ್ತದೆ, ಗಾಬರಿಯಾಗಬೇಡಿ. ಸಾಲದ ಲೆಕ್ಕ ಎಂದುಕೊಳ್ಳಿ. ಮೈನಸ್ 40 ಎಂದರೆ ಕೈಸಾಲ, ಮೈನಸ್ 67ರ ತನಕ ಸಂಸಾರ ನಡೆಯುತ್ತದೆ, ಮೈನಸ್ 85 ಎಂದರೆ ಮನೆ ಹರಾಜು. ಪ್ರತಿ 3 ಅಂಕಿ ಇಳಿದಾಗ ಬಲ ಅರ್ಧವಾಗುತ್ತದೆ. ನಮ್ಮ ನಡುಮನೆಯಲ್ಲಿ ರೌಟರಿನ ಹತ್ತಿರ ಮೈನಸ್ 42 ಇತ್ತು. ಬಾಗಿಲು ಮುಚ್ಚಿ ಗೋಡೆಯ ಆಚೆ ನಿಂತರೆ ಮೈನಸ್ 63. ಅಂದರೆ ಅಜ್ಜ ಕಟ್ಟಿಸಿದ ಗೋಡೆಯೊಂದೇ ಹೆಚ್ಚುಕಡಿಮೆ ನೂರಿಪ್ಪತ್ತು ಪಾಲಿನಲ್ಲಿ ಒಂದು ಪಾಲನ್ನು ಹೊರಗೆ ಬಿಟ್ಟು ಮಿಕ್ಕದ್ದನ್ನು ನುಂಗಿತ್ತು. ಬೇಸಿಗೆಯ ಬಿಸಿಲನ್ನೇ ಒಳಗೆ ಬಿಡದ ಗೋಡೆ, ಇದನ್ನು ಹೊರಗೆ ಬಿಟ್ಟೀತೇ?

ಅಂಗಳ ದಾಟುವಷ್ಟರಲ್ಲಿ ಮೈನಸ್ 80. ತಗಡಿನ ಒಳಗೆ ಆಪ್ ಅಂಕಿ ತೋರಿಸುವುದನ್ನೇ ನಿಲ್ಲಿಸಿತು. ತಗಡು ರೇಡಿಯೋ ಅಲೆಗೆ ಕನ್ನಡಿಯಿದ್ದ ಹಾಗೆ, ಬಂದದ್ದನ್ನು ಬಂದ ಕಡೆಗೇ ಕಳಿಸುತ್ತದೆ. ಅಳತೆಯನ್ನು ಎರಡು ಸಲ ತೆಗೆಯಿರಿ, ಬೇಸಿಗೆಯಲ್ಲಿ ಒಮ್ಮೆ, ಆರಿದ್ರಾ ಮಳೆಯಲ್ಲಿ ಒಮ್ಮೆ. ವೈಫೈಯ 2.4 ಗಿಗಾಹರ್ಟ್ಸ್ ಅಲೆಯೂ ಮೈಕ್ರೋವೇವ್ ಒಲೆಯ ಅಲೆಯೂ ಒಂದೇ ಜಾತಿಯವು. ನೀರು ಕಂಡರೆ ಅದರಲ್ಲೇ ಕರಗುತ್ತವೆ. ಒದ್ದೆ ಎಲೆಯ ಒಂದು ಮರವೆಂದರೆ ನಡುದಾರಿಯಲ್ಲಿ ನಿಂತ ಸಣ್ಣ ಕೆರೆ.

ಮೊದಲ ಪ್ರಯತ್ನ: ರಿಪೀಟರ್

ಇದು ಪ್ಲಗ್ಗಿಗೆ ಸಿಕ್ಕಿಸುವ ಸೋಪಿನ ಗಾತ್ರದ ಡಬ್ಬ. ಮನೆಯ ವೈಫೈಯನ್ನು ಕೇಳಿಸಿಕೊಂಡು ಮುಂದಕ್ಕೆ ಹೇಳುತ್ತದೆ. ಕಿವಿ ಕೇಳದ ಅಜ್ಜನಿಗೆ ಪಕ್ಕದಲ್ಲಿ ಕೂತವರು ಮಾತು ದಾಟಿಸುವಂತೆ. ದಾಟಿಸುವವರು ಕೇಳುವಾಗ ಹೇಳಲಾರರು, ಹೇಳುವಾಗ ಕೇಳಲಾರರು. ಹಾಗಾಗಿ ಒಂದೇ ಚಾನೆಲ್ಲಿನ ಅಗ್ಗದ ಡಬ್ಬವಾದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಅದು ಕೇಳಿಸಿಕೊಂಡದ್ದೇ ಅರೆಬರೆಯಾಗಿದ್ದರೆ ದಾಟಿಸುವುದೂ ಅರೆಬರೆ.

ನಮ್ಮಲ್ಲಿ ಈ ಕೆಲಸ ಅಮ್ಮನದು. ಎರಡು ಮನೆಯಲ್ಲೂ ಉಣ್ಣುವವಳು ಅವಳೊಬ್ಬಳೇ. "ಪಂಪ್‌ಸೆಟ್ಟಿನ ಫ್ಯೂಸ್ ಹಾಕಿ ಅಂತ ಹೇಳಮ್ಮಾ" ಎಂದು ನಾನು ಬೆಳಿಗ್ಗೆ ಹೇಳಿದ್ದು ಸಂಜೆಯ ಹೊತ್ತಿಗೆ "ಅವ್ನಿಗೆಂತದೋ ಬೇಕಂತೆ" ಎಂದಾಗಿ ಅಣ್ಣಯ್ಯನಿಗೆ ಮುಟ್ಟುತ್ತದೆ.

ರಿಪೀಟರನ್ನು ಮನೆಗೂ ಕೊಟ್ಟಿಗೆಗೂ ನಟ್ಟನಡುವೆ ಇಡಬೇಕು ಎಂದು ಅದರ ಚೀಟಿಯಲ್ಲಿ ಚಿತ್ರ ಸಮೇತ ಹೇಳಿದೆ. ನಮ್ಮ ನಟ್ಟನಡುವೆ ಅಣ್ಣಯ್ಯನ ಜಗಲಿ. ಮುಂದಿನ ಪ್ರಯತ್ನಕ್ಕೆ ಹೋಗಿ.

ಎರಡನೆಯದು: ಕರೆಂಟಿನ ತಂತಿಯೊಳಗೆ

ಮನೆಯ ವಯರಿಂಗಿನಲ್ಲೇ ಇಂಟರ್ನೆಟ್ ಹರಿಸುವ ಜೋಡಿ ಡಬ್ಬಗಳಿವೆ. ಮನೆಗೂ ಶೆಡ್ಡಿಗೂ ಒಂದೇ ಮೀಟರು, ಒಂದೇ ಫೇಸು ಇದ್ದರೆ ಪರವಾಗಿಲ್ಲ. ಕೊಟ್ಟಿಗೆಗೆ ತ್ರೀ ಫೇಸ್ ಬೇಕೆಂದು ನಾನು ಬೇರೆ ಮೀಟರು ಹಾಕಿಸಿದ್ದೆ. ಡಬ್ಬಗಳು ಒಂದನ್ನೊಂದು ನೋಡಲೇ ಇಲ್ಲ. ಹಿಂದಕ್ಕೆ ಕೊಟ್ಟೆ.

ಮೂರನೆಯದು: ಗಾಳಿಯಲ್ಲಿ ಸಂಕ

ಎರಡು ಪುಟ್ಟ ತಟ್ಟೆಗಳನ್ನು ಎದುರುಬದುರು ನಿಲ್ಲಿಸಿ 5 ಗಿಗಾಹರ್ಟ್ಸ್ ಅಲೆಯಲ್ಲಿ ಮಾತಾಡಿಸುವ ವಿಧಾನವಿದು. ನನಗೆ ಬಹಳ ಇಷ್ಟವಾದದ್ದು. ಅಗೆಯುವುದಿಲ್ಲ, ತಂತಿಯಿಲ್ಲ, ಯಾರ ಅಂಗಳಕ್ಕೂ ಕಾಲಿಡುವುದಿಲ್ಲ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಅಲೆಯನ್ನು 2005ರಲ್ಲೂ, 5 ಗಿಗಾಹರ್ಟ್ಸ್ ಅಲೆಯನ್ನು ಮನೆಯ ಹೊರಗೆ ಬಳಸುವುದನ್ನು 2018ರಲ್ಲೂ ಲೈಸೆನ್ಸಿನಿಂದ ಬಿಡುಗಡೆ ಮಾಡಿದ್ದಾರೆ. ಶಕ್ತಿಯ ಮಿತಿಯೊಳಗಿದ್ದರೆ ಸರ್ಕಾರದ ಅಪ್ಪಣೆ ಬೇಡ.

ಒಂದು ತಟ್ಟೆಯಿಂದ ಇನ್ನೊಂದು ಕಣ್ಣಿಗೆ ಕಂಡರೆ ಸಾಕು ಎಂದು ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಅಲೆ ದಾರದ ಹಾಗೆ ಹೋಗುವುದಿಲ್ಲ, ಸೌತೆಕಾಯಿಯ ಹಾಗೆ ನಡುವೆ ಉಬ್ಬಿಕೊಂಡು ಹೋಗುತ್ತದೆ. ಈ ಉಬ್ಬಿಗೆ ಫ್ರೆನೆಲ್ ವಲಯವೆಂದು ಹೆಸರು. ಫ್ರೆನೆಲ್ ಎಂಬಾತ ಫ್ರಾನ್ಸಿನಲ್ಲಿ ರಸ್ತೆ ಮಾಡಿಸುತ್ತಿದ್ದ ಎಂಜಿನಿಯರ್. ಬೆಳಕಿನ ಲೆಕ್ಕ ಹಾಕಿ, ರೇಡಿಯೋ ಹುಟ್ಟುವ ಎಷ್ಟೋ ಮೊದಲು 1827ರಲ್ಲಿ ತೀರಿಕೊಂಡ. ಅವನ ಲೆಕ್ಕದ ಪ್ರಕಾರ 60 ಮೀಟರ್ ದೂರಕ್ಕೆ ನಡುವಿನ ಉಬ್ಬು ಸುತ್ತಲೂ ಸುಮಾರು 90 ಸೆಂಟಿಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಿರಬೇಕು.

ಮಾಘ ಮಾಸದಲ್ಲಿ ತಟ್ಟೆ ಕಟ್ಟಿದೆ. ಖಾಲಿಯಿತ್ತು. ಇಂಟರ್ನೆಟ್ ಹೊಳೆಯ ಹಾಗೆ ಹರಿಯಿತು. ಅಣ್ಣಯ್ಯನ ಅಂಗಳದ ಬದಿಯಲ್ಲಿ ಒಂದು ಪುಟ್ಟಬಾಳೆಯ ಕಂದು ಇತ್ತು, ಮೊಣಕಾಲೆತ್ತರ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಡ್ಡಮಳೆ ಎರಡು ಬಿದ್ದದ್ದೇ ಅದು ಎದ್ದು ನಿಂತಿತು. ಬಾಳೆ ಎಲೆಯೆಂದರೆ ನೀರನ್ನೇ ಹಸಿರು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ್ದು. ಒಂದೊಂದು ಸುಳಿ ಬಿಚ್ಚಿದಾಗಲೂ ವೇಗ ಇಳಿಯುತ್ತ ಬಂತು. ಗಾಳಿ ಬೀಸಿ ಎಲೆ ಸರಿದಾಗ ಯೂಟ್ಯೂಬಿನವನು ಕಾರ್ಬೊರೇಟರ್ ಬಿಚ್ಚುತ್ತಿದ್ದ, ಗಾಳಿ ನಿಂತಾಗ ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದ.

"ಆ ಬಾಳೆ ಒಂದು ಕಡೀಲಿಕ್ಕೆ ಹೇಳಮ್ಮಾ" ಎಂದೆ.

ಅಮ್ಮ ಹೋಗಿ ಬಂದಳು. "ಗೊನೆ ಹಾಕದ ಬಾಳೆ ಕಡಿಯೋದು ಮನೆಗೆ ಒಳ್ಳೇದಲ್ಲ ಅಂದ. ಗೊನೆ ಬಂದ್ಮೇಲೆ ನಿಂಗೊಂದು ಚಿಪ್ಪು ಕೊಡ್ತಾನಂತೆ."

ಚಿಪ್ಪು ಬಂತು ಎನ್ನುವುದನ್ನು ಇಲ್ಲಿ ದಾಖಲಿಸಬೇಕು. ಅಷ್ಟರಲ್ಲಿ ತಟ್ಟೆಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೆ.

ನಾಲ್ಕನೆಯದು: ತಾಮ್ರ

ಎಲ್ಲರೂ ಮೊದಲು ಮಾಡುವುದು ಇದನ್ನೇ. ನಾನು ಮರ್ಯಾದೆಗೆ ನಾಲ್ಕನೆಯದಾಗಿ ಮಾಡಿದೆ. ಕ್ಯಾಟ್ 6 ಕೇಬಲ್ಲು 100 ಮೀಟರಿನ ತನಕ ಕೆಲಸ ಮಾಡುತ್ತದೆ. ಅಂಗಳದ ಹೊರಬದಿ ಸುತ್ತಿ ಬಂದರೂ ನನಗೆ 95ರಲ್ಲಿ ಮುಗಿಯಿತು. ಒಂದು ಪೆಟ್ಟಿಗೆಯಲ್ಲಿ 305 ಮೀಟರ್ ಇರುತ್ತದೆ, ಅದು ಸಾವಿರ ಅಡಿಯ ಹಳೇ ಲೆಕ್ಕ. ಕೊಳ್ಳುವಾಗ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ತಾಮ್ರದ ನೀರು ಕುಡಿಸಿದ್ದು. ಅಂಗಡಿಯವನ ಎದುರಿಗೇ ಕೆರೆಯಿರಿ. ಸ್ನೇಹ ಕೆಡುತ್ತದೆ, ಕೇಬಲ್ಲು ಉಳಿಯುತ್ತದೆ.

ತುದಿಗೆ ಆರ್‌ಜೆ45 ಸಿಕ್ಕಿಸಲು ಎಂಟು ತಂತಿಗಳ ಕ್ರಮವಿದೆ: ಬಿಳಿಕೇಸರಿ, ಕೇಸರಿ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹಸಿರಿನ ಜೋಡಿಯನ್ನು ಬೇರೆ ಮಾಡಿ ನಡುವೆ ನೀಲಿ ಜೋಡಿ ಯಾಕೆ ಕೂತಿದೆ ಎಂದು ತಲೆ ಕೆಡಿಸಿಕೊಂಡಿದ್ದೆ. ನಡುವಿನ ಎರಡು ತಂತಿ ಹಳೇ ಟೆಲಿಫೋನಿನ ಜಾಗವಂತೆ. ಮನೆಗೆ ಹಿರಿಯರು ಬಂದರೆ ನಡುಮಣೆ ಬಿಟ್ಟುಕೊಡುವ ಕ್ರಮ ತಂತಿಗಳಲ್ಲೂ ಇದೆ.

ಹೆಗ್ಗಣದ ಹಲ್ಲಿಗೆ ಸಿಗದಂತೆ ಪೈಪಿನೊಳಗೆ ಹಾಕಿ, ಅಡಿಕೆ ಸಾಲಿನ ಬದಿಯಲ್ಲಿ ಹೂತು, ಎರಡೂ ತುದಿ ಸಿಕ್ಕಿಸಿದೆ. ದೀಪ ಮಿಣುಕಿತು. ಹತ್ತು ದಿನ ಸುಖವಾಗಿದ್ದೆ. ಹನ್ನೊಂದನೇ ದಿನ ಕೃತ್ತಿಕೆ ಮಳೆ.

ಎಚ್ಚರಿಕೆ: ಈ ಭಾಗವನ್ನು ಎರಡು ಸಲ ಓದಿ

ಮಲೆನಾಡಿನಲ್ಲಿ ಗುಡುಗು ಮೊದಲ ಸಲ ಗೊಣಗಿದ ತಕ್ಷಣ ಮನೆಮನೆಯಲ್ಲೂ ಪ್ಲಗ್ಗು ಕೀಳುವ ಸದ್ದು ಕೇಳುತ್ತದೆ. ಆಷಾಢದ ಮಳೆಗೆ ಯಾರೂ ಹೆದರುವುದಿಲ್ಲ. ಅದು ಬರೀ ಸುರಿಯುತ್ತದೆ. ಹೆದರಿಕೆ ಏಪ್ರಿಲ್, ಮೇ ತಿಂಗಳಿನ ಮಳೆಗೆ, ಮತ್ತೆ ಮಳೆಗಾಲ ಹಿಂದೆ ಸರಿಯುವ ಸ್ವಾತಿ ವಿಶಾಖಕ್ಕೆ. ಮಿಂಚು ಕಂಡ ಮೇಲೆ ಸದ್ದು ಬರುವ ತನಕ ಎಣಿಸಿ. ಮೂರು ಎಣಿಸಿದರೆ ಸಿಡಿಲು ಒಂದು ಕಿಲೋಮೀಟರಿನಲ್ಲಿದೆ. ಅಮ್ಮ ಎಣಿಸುವುದಿಲ್ಲ. ಅವತ್ತೂ ಮೋಡ ಕಪ್ಪಾದದ್ದೇ ಮನೆಯ ರೌಟರಿನ ಪ್ಲಗ್ಗನ್ನು ಕಿತ್ತಿದ್ದಳು, ಛತ್ರಿ ಹಿಡಿದು ಬಂದು ಕೊಟ್ಟಿಗೆಯದನ್ನೂ ಕಿತ್ತಿದ್ದಳು. ನನ್ನ ಕೇಬಲ್ಲನ್ನು ಮಾತ್ರ ಮುಟ್ಟಿರಲಿಲ್ಲ. ಅದು ಕರೆಂಟಿನದಲ್ಲವಲ್ಲ.

ಸಿಡಿಲು ಬಿದ್ದದ್ದು ಗುಡ್ಡದ ನೆತ್ತಿಯ ಧೂಪದ ಮರಕ್ಕೆ, ನಮ್ಮಿಂದ ಎರಡು ಮೂರು ನೂರು ಮೀಟರು ಆಚೆ. ಸತ್ತವರ ಪಟ್ಟಿ: ಮನೆಯ ರೌಟರು, ಅದರ ಪಕ್ಕದ ಫೈಬರ್ ಡಬ್ಬ, ಕೊಟ್ಟಿಗೆಯ ಸ್ವಿಚ್ಚು, ಅದಕ್ಕೆ ಸಿಕ್ಕಿಸಿದ್ದ ಹಳೇ ಕಂಪ್ಯೂಟರು.

ನಮಗೆ ಬೀಳದ ಸಿಡಿಲು ನಮ್ಮದನ್ನು ಹೇಗೆ ಸುಟ್ಟಿತು ಎನ್ನುವುದಕ್ಕೆ ಉತ್ತರ ದನ ಕಟ್ಟಿದವರಿಗೆ ಗೊತ್ತು. ಮರಕ್ಕೆ ಸಿಡಿಲು ಬಿದ್ದಾಗ ಅಲ್ಲೇ ಹತ್ತಿರ ನಿಂತ ದನ ಸಾಯುತ್ತದೆ, ಅದರ ಮೈಮೇಲೆ ಏನೂ ಬಿದ್ದಿರುವುದಿಲ್ಲ. ಹತ್ತಾರು ಸಾವಿರ ಆಂಪಿಯರ್ ಕರೆಂಟು ಬುಡಕ್ಕಿಳಿದು ನೆಲದಲ್ಲಿ ಸುತ್ತಲೂ ಹರಡುತ್ತದೆ. ಆ ಗಳಿಗೆಯಲ್ಲಿ ಬುಡದ ಹತ್ತಿರದ ನೆಲದಲ್ಲಿ ವೋಲ್ಟೇಜು ಹೆಚ್ಚು, ದೂರದ ನೆಲದಲ್ಲಿ ಕಡಿಮೆ. ದನದ ಮುಂಗಾಲು ಒಂದು ಮಟ್ಟದಲ್ಲಿ, ಹಿಂಗಾಲು ಇನ್ನೊಂದು ಮಟ್ಟದಲ್ಲಿ. ಕರೆಂಟಿಗೆ ದನದ ಮೈಯೇ ಸುಲಭದ ದಾರಿ. ನಮ್ಮ ಕಾಲುಗಳು ಹತ್ತಿರ ಹತ್ತಿರ ಇರುವುದರಿಂದ ಎಷ್ಟೋ ಸಲ ಬಚಾವಾಗುತ್ತೇವೆ. ಸಿಡಿಲಿಗೆ ಬಯಲಲ್ಲಿ ಸಿಕ್ಕಿದರೆ ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು ಎಂದು ಹೇಳುವುದೂ ಅದಕ್ಕೇ.

ಈಗ ಮನೆಯ ಕಡೆಯ ನೆಲವನ್ನು ಮುಂಗಾಲು ಎನ್ನಿ, ಕೊಟ್ಟಿಗೆಯ ಕಡೆಯದನ್ನು ಹಿಂಗಾಲು ಎನ್ನಿ. ನಡುವೆ 95 ಮೀಟರ್ ತಾಮ್ರ ಎಳೆದು ನಾನು ಒಂದು ಉದ್ದನೆಯ ದನ ಮಾಡಿಟ್ಟಿದ್ದೆ. ಕೇಬಲ್ಲು ಸಿಕ್ಕಿಸುವ ಪೋರ್ಟುಗಳೊಳಗೆ 1500 ವೋಲ್ಟನ್ನು ತಡೆಯುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸಿಡಿಲಿಗೆ 1500 ಎಂದರೆ ಚಿಲ್ಲರೆ. ಸಾಲದ್ದಕ್ಕೆ ಅಷ್ಟುದ್ದದ ತಂತಿಯಲ್ಲಿ ಮಿಂಚು ದೂರದಿಂದಲೇ ವೋಲ್ಟೇಜು ಹುಟ್ಟಿಸುತ್ತದೆ, ಮುಟ್ಟುವುದೇ ಬೇಡ. ಸರ್ಜ್ ತಡೆಯುವ ಡಬ್ಬವನ್ನು ಎರಡೂ ಕಡೆ ಹಾಕಿದರೆ ಸ್ವಲ್ಪ ಮಟ್ಟಿಗೆ ಉಳಿದೀತು, ಆದರೆ ಅದಕ್ಕೆ ಒಳ್ಳೆಯ ಅರ್ಥಿಂಗ್ ಬೇಕು. ಪ್ಲಗ್ಗನ್ನು ಕಿತ್ತು ಕೇಬಲ್ಲನ್ನು ಬಿಡುವುದೆಂದರೆ ಹೆಬ್ಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲಲ್ಲಿ ಕಳ್ಳನಿಗೆ ಮಣೆ ಹಾಕಿದಂತೆ.

ಸುಟ್ಟ ವಾಸನೆಯನ್ನು ಮೂಸುತ್ತ ಅಮ್ಮ ಹೇಳಿದ್ದು ಇಷ್ಟೆ: "ಕೊಟ್ಟಿಗೇಲಿ ದನ ಇದ್ದಾಗ್ಲೇ ಚೆನಾಗಿತ್ತು. ಅವು ಒಂದೂ ಸತ್ತಿರ್ಲಿಲ್ಲ."

ಐದನೆಯದು: ಗಾಜು

ಎರಡು ಕಟ್ಟಡಗಳ ನಡುವೆ ಸುದ್ದಿ ದಾಟಬೇಕು, ಸಿಡಿಲು ದಾಟಬಾರದು. ಅದಕ್ಕೆ ಇರುವ ವಸ್ತು ಗಾಜು. ಇಷ್ಟು ಹೊತ್ತು ಇದನ್ನು ಯಾಕೆ ಹೇಳಲಿಲ್ಲ ಎಂದರೆ ನನಗೂ ಯಾರೂ ಹೇಳಿರಲಿಲ್ಲ. ಮನೆಯ ತನಕ ಇಂಟರ್ನೆಟ್ ಬಂದದ್ದೇ ಮರದಿಂದ ಮರಕ್ಕೆ ಹಾಯ್ದ ಫೈಬರಿನಲ್ಲಿ. ಕಣ್ಣೆದುರಿಗೇ ನೇತಾಡುತ್ತಿತ್ತು.

ಗಾಜಿನ ಎಳೆಯಲ್ಲಿ ಸುದ್ದಿ ಕಳಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವೊ ಬರೆದಾಗ ಆಗಿನ ಗಾಜಿನಲ್ಲಿ ಬೆಳಕು ಹತ್ತಿಪ್ಪತ್ತು ಮೀಟರಿನಲ್ಲೇ ಹೆಚ್ಚುಕಡಿಮೆ ಸತ್ತುಹೋಗುತ್ತಿತ್ತು. ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು ಅವರ ವಾದ. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಅಂಥ ಶುದ್ಧ ಗಾಜು ಎಳೆದು ತೋರಿಸಿದರು. ಕಾವೊಗೆ ನೊಬೆಲ್ ಬಂದದ್ದು 2009ರಲ್ಲಿ. ಈಗಿನ ಎಳೆಯಲ್ಲಿ ಒಂದು ಕಿಲೋಮೀಟರಿಗೆ ಆಗುವ ನಷ್ಟ ಸುಮಾರು 0.35 ಡೆಸಿಬೆಲ್. ನಮ್ಮ ಮಣ್ಣಿನ ಗೋಡೆ ಒಂದೂವರೆ ಅಡಿಯಲ್ಲಿ ನುಂಗಿದ 21 ಡೆಸಿಬೆಲ್ಲನ್ನು ನುಂಗಲು ಈ ಗಾಜಿಗೆ 60 ಕಿಲೋಮೀಟರ್ ಬೇಕು. ಹೆಚ್ಚುಕಡಿಮೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ.

ಸಾಮಾನು: ಒಂದೆಳೆಯ ಡ್ರಾಪ್ ಕೇಬಲ್ಲು, ಎರಡು ಮೀಡಿಯಾ ಕನ್ವರ್ಟರು. ಕನ್ವರ್ಟರನ್ನು ಜೋಡಿಯಾಗಿಯೇ ತರಬೇಕು. ಒಂದರ ಮೇಲೆ ‘ಎ’, ಇನ್ನೊಂದರ ಮೇಲೆ ‘ಬಿ’ ಎಂದಿರುತ್ತದೆ. ಒಂದೇ ಎಳೆಯಲ್ಲಿ ಎರಡೂ ಕಡೆಯಿಂದ ಮಾತು ಹೋಗಬೇಕಾದ್ದರಿಂದ ಎ 1310 ನ್ಯಾನೊಮೀಟರಿನಲ್ಲಿ ಆಡಿ 1550ರಲ್ಲಿ ಕೇಳುತ್ತದೆ, ಬಿ ಅದರ ತಿರುವುಮುರುವು. ನಾನು ಅವಸರದಲ್ಲಿ ಎರಡೂ ಎ ತಂದಿದ್ದೆ. ಎರಡೂ ಒಂದೇ ಬಣ್ಣದಲ್ಲಿ ಒದರುತ್ತ, ಇನ್ನೊಂದು ಬಣ್ಣಕ್ಕೆ ಕಿವಿಗೊಟ್ಟು, ಎದುರಿನವನು ಮಾತೇ ಆಡುತ್ತಿಲ್ಲವೆಂದು ದೀಪ ಆರಿಸಿಕೊಂಡು ಕೂತವು. ಈ ಪರಿಸ್ಥಿತಿಯ ಪರಿಚಯ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು.

ಹಸಿರು ಕನೆಕ್ಟರನ್ನು ನೀಲಿಗೆ ಸಿಕ್ಕಿಸಬೇಡಿ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಸಿಕ್ಕಿಸಿದರೆ ಕೂರುತ್ತದೆ, ಬೆಳಕು ಮಾತ್ರ ಸಂದಿಯಲ್ಲಿ ಚೆಲ್ಲಿಹೋಗುತ್ತದೆ. ಎಳೆಯನ್ನು ಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ. ತುದಿಗೆ ಕಣ್ಣಿಟ್ಟು ಬೆಳಕು ಬರುತ್ತಿದೆಯೇ ಎಂದು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವ ಜಾತಿಯದಲ್ಲ.

ಬೆಸುಗೆ ಹಾಕಲು ಪೇಟೆಯಿಂದ ಹುಡುಗನೊಬ್ಬ ಬೈಕಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬಂದ. ಗಾಜಿನ ಎಳೆ 125 ಮೈಕ್ರಾನ್, ಬೆಳಕು ಓಡಾಡುವ ತಿರುಳು ಅದರೊಳಗೆ ಬರೀ 9 ಮೈಕ್ರಾನ್. ತಲೆಗೂದಲನ್ನು ಉದ್ದಕ್ಕೆ ಏಳೆಂಟು ಸೀಳು ಮಾಡಿದರೆ ಒಂದು ಸೀಳು ಅಷ್ಟಿದ್ದೀತು. ಅಂಥ ಎರಡು ತುದಿಗಳನ್ನು ಎದುರುಬದುರು ತಂದು ಯಂತ್ರ ಒಂದು ಕಿಡಿ ಹಾರಿಸಿ ಕರಗಿಸಿ ಕೂಡಿಸಿತು. ಚಿಕ್ಕ ಸಿಡಿಲೇ ಅದೂ. ಕತ್ತರಿಸಿ ಬಿದ್ದ ಗಾಜಿನ ಚೂರುಗಳನ್ನು ಹುಡುಗ ಟೇಪಿಗೆ ಅಂಟಿಸಿಕೊಂಡು ಎಣಿಸಿದ. ಕಾಲಿಗೆ ಹೊಕ್ಕರೆ ಕಣ್ಣಿಗೂ ಕಾಣುವುದಿಲ್ಲ, ಹೊರಗೂ ಬರುವುದಿಲ್ಲ ಎಂದ.

ಅವನು ಹೇಳಿದ ಇನ್ನೊಂದು ಮಾತು ಯಾವ ಪೆಟ್ಟಿಗೆಯ ಮೇಲೂ ಬರೆದಿಲ್ಲ. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ, ನಿಜ. ಆದರೆ ಗಾಜಿಗೆ ಬಲ ಕೊಡಲು ಕೇಬಲ್ಲಿನೊಳಗೆ ಉಕ್ಕಿನ ತಂತಿ ಇಟ್ಟಿರುತ್ತಾರೆ, ನೇತುಹಾಕುವುದಕ್ಕೂ ಒಂದು ಉಕ್ಕಿನ ಎಳೆ. ಸಿಡಿಲಿಗೆ ಅಷ್ಟು ಸಾಕು. ಉಕ್ಕಿನ ಬದಲು ನಾರು ಇರುವ ಕೇಬಲ್ಲು ಕೇಳಿ ತನ್ನಿ. ಸಿಗದಿದ್ದರೆ ಉಕ್ಕನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಕ್ಕೆ ಗಾಜಿನ ಎಳೆಯೊಂದೇ ಬರಲಿ.

ದಾರಿ

ಇಷ್ಟೆಲ್ಲ ಆದ ಮೇಲೆ ಹುಡುಗ ಕೇಳಿದ, "ಕೇಬಲ್ಲು ಯಾವ ಕಡೆಯಿಂದ ಸಾರ್?"

ತಾಮ್ರ ಹೂತಿದ್ದ ಪೈಪಿನೊಳಗೆ ಮಣ್ಣು ತುಂಬಿತ್ತು. ಮೇಲಿನಿಂದ ಹೋಗಬೇಕೆಂದರೆ ಕೊನೆಗೊಯ್ಲಿನ ಪಿಕಪ್ಪು ತಾಗದಷ್ಟು ಎತ್ತರ ಬೇಕು. 60 ಮೀಟರಿಗೆ ನಡುವೆ ಒಂದು ಆಸರೆ ಬೇಕು. ನಡುವೆ ಆ ಎತ್ತರಕ್ಕೆ ಇದ್ದದ್ದು ಒಂದೇ, ಹಲಸಿನ ಮರ.

ಅಮ್ಮನನ್ನು ಕಳಿಸಿದೆ. ಸಂಜೆ ಬಂದಳು.

"ಹೇಳ್ದೆ. ಗಾಜಿನ ಹಗ್ಗ ಕಟ್ಟಕ್ಕೆ ನಿನ್ ಮರ ಬೇಕಂತೆ ಅವ್ನಿಗೆ ಅಂತ."

"ನಿನ್ ಮರ ಅಂತ ಯಾಕೆ ಹೇಳಿದೆ?"

"ಮತ್ತೆಂತ ಹೇಳ್ಬೇಕಿತ್ತು? ನನ್ ಮರ ಅಂತನಾ?"

"ಅವನೆಂತ ಅಂದ?"

"ಗಾಜು ಒಡೆದು ತಲೆ ಮೇಲೆ ಬಿದ್ರೆ ಯಾರು ಹೊಣೆ ಅಂದ."

ರಿಪೀಟರಿನ ಭಾಗದಲ್ಲಿ ಹೇಳಿದ್ದನ್ನು ನೆನಪಿಸಿಕೊಳ್ಳಿ. ಈ ಹಂತವನ್ನು ನಡುವಿನ ಡಬ್ಬಗಳಿಲ್ಲದೆ ನೀವೇ ಮಾಡಬೇಕು. ನಾನು ಉಳಿದ ಗಾಜಿನೆಳೆಯ ಒಂದು ಮೊಳ ತುಂಡನ್ನು ಬೆರಳಿಗೆ ಸುತ್ತಿಕೊಂಡು ಅಣ್ಣಯ್ಯನ ಜಗಲಿಗೆ ಹೋದೆ. ಎಷ್ಟು ವರ್ಷದ ಮೇಲೆ ಎಂದು ಲೆಕ್ಕ ಹಾಕಲಿಲ್ಲ. ಅತ್ತಿಗೆ ಒಳಗಿನಿಂದ ನೀರು, ಬೆಲ್ಲ ತಂದಿಟ್ಟರು, ನೆಂಟರಿಗೆ ಇಡುವ ಹಾಗೆ. ಅಣ್ಣಯ್ಯ ಎಳೆಯನ್ನು ಹಿಡಿದು ಬಗ್ಗಿಸಿದ, ಬೆಳಕಿಗೆ ಹಿಡಿದ, ಇನ್ನಷ್ಟು ಬಗ್ಗಿಸಿದ. ಪಟ್ಟೆಂದು ಮುರಿಯಿತು.

"ಮುರೀತಲ್ಲ."

"ಅಷ್ಟು ಬಗ್ಗಿಸಿದ್ರೆ ಯಾವ್ದಾದ್ರೂ ಮುರಿಯುತ್ತೆ ಅಣ್ಣಯ್ಯ. ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತೆ, ಉದುರಲ್ಲ."

ಅವನು ಏನೂ ಹೇಳದೆ ಎದ್ದು ಒಳಗೆ ಹೋದ. ಕೆಲಸ ಕೆಟ್ಟಿತೆಂದು ನಾನೂ ಎದ್ದೆ. ಹೊರಗೆ ಬಂದಾಗ ಅವನ ಕೈಯಲ್ಲಿ ಅಡಿಕೆ ದೋಟಿ ಇತ್ತು. ಹಲಸಿನ ಮರದ ಕವಲಿಗೆ ಕೇಬಲ್ಲು ಏರಿಸಿದ್ದು ಆ ದೋಟಿಯಿಂದಲೇ. ಹುಡುಗ ಮೊಳೆ, ಸುತ್ತಿಗೆ ತೆಗೆದ.

"ಮರಕ್ಕೆ ಮೊಳೆ ಹೊಡೀಬೇಡ ಮಾರಾಯ" ಎಂದ ಅಣ್ಣಯ್ಯ. ಯಾರ ಮರಕ್ಕೆ ಎಂದು ಹೇಳಲಿಲ್ಲ. ಹಳೇ ಟಯರಿನ ಟ್ಯೂಬು ಸೀಳಿ ಸಡಿಲವಾಗಿ ಕಟ್ಟಿದೆವು. ಇದನ್ನು ಎಲ್ಲರೂ ಪಾಲಿಸಬಹುದು. ಮರ ದಪ್ಪವಾಗುತ್ತದೆ, ಬಿಗಿಯಾಗಿ ಕಟ್ಟಿದ್ದನ್ನು ನುಂಗುತ್ತದೆ.

ತೊಂದರೆಗಳು

ಕನ್ವರ್ಟರಿನ ದೀಪಗಳೆಲ್ಲ ಆರಿದ್ದರೆ ಕರೆಂಟಿಲ್ಲ. ಗಾಜು ಕರೆಂಟು ತರುವುದಿಲ್ಲ, ಎರಡೂ ತುದಿಗೆ ಬೇರೆ ಬೇರೆ ಬ್ಯಾಟರಿ ಇಡಬೇಕು. ಮಳೆಗಾಲದಲ್ಲಿ ಮೂರು ದಿನ ಕರೆಂಟು ಬಾರದಿದ್ದರೆ ಯಾವ ಬ್ಯಾಟರಿಯೂ ಸಾಲದು, ಮಲಗಿ. ಎರಡೂ ಕಡೆ ಕರೆಂಟಿದ್ದು ಫೈಬರಿನ ದೀಪವೊಂದೇ ಆರಿದ್ದರೆ ನಡುವೆ ಎಲ್ಲೋ ಪೆಟ್ಟಾಗಿದೆ. ಮೊದಲು ಮಂಗಗಳನ್ನು ಗುಮಾನಿಯಿಂದ ನೋಡಿ, ಆಮೇಲೆ ಅಡಿಕೆ ಸೋಗೆಯನ್ನು. ಮನೆಯ ಮೂಲ ಡಬ್ಬದಲ್ಲೇ ಕೆಂಪು ದೀಪ ಮಿನುಗುತ್ತಿದ್ದರೆ ನೀವು ಏನೂ ಮಾಡಬೇಕಾಗಿಲ್ಲ. ದಾರಿಯಲ್ಲಿ ಮರ ಬಿದ್ದಿದೆ, ಕಂಪನಿಯವರಿಗೆ ಫೋನು ಮಾಡಬೇಕು. ಫೋನು ಮಾಡಲು ಹಲಸಿನ ಮರದ ಬುಡಕ್ಕೆ ಹೋಗಿ.

ಗುಡುಗಿದಾಗ ಪ್ಲಗ್ಗು ಈಗಲೂ ಕೀಳಬೇಕು. ಗಾಜು ತಡೆಯುವುದು ತನ್ನ ಮೂಲಕ ಬರುವ ಸಿಡಿಲನ್ನು ಮಾತ್ರ. ಕರೆಂಟಿನ ಕಂಬದಿಂದ ಬರುವುದು ಅದರ ಜವಾಬ್ದಾರಿಯಲ್ಲ. ಅಮ್ಮ ಕೀಳುತ್ತಿದ್ದಾಳೆ.

ಕೊನೆಯದಾಗಿ ಪಾಸ್‌ವರ್ಡು

ಕೊಟ್ಟಿಗೆಯ ವೈಫೈಗೆ ಪಾಸ್‌ವರ್ಡು ಇಡಬೇಕು. ಕಡಿಮೆಯೆಂದರೆ 8 ಅಕ್ಷರ, ಹೆಚ್ಚೆಂದರೆ 63. ಹುಟ್ಟಿದ ದಿನ, ಫೋನ್ ನಂಬರು ಬೇಡ, ಬೇರೆಯವರಿಗೆ ಹೊಳೆಯದ, ನಿಮಗೆ ಮರೆಯದ ಮಾತಿರಲಿ ಎಂದು ತಿಳಿದವರು ಹೇಳುತ್ತಾರೆ. ನಾನೂ ಹಾಗೆಯೇ ಇಟ್ಟಿದ್ದೆ, ತಟ್ಟೆ ಕಟ್ಟಿ ಬಾಳೆ ಎದ್ದ ಕಾಲದಲ್ಲಿ, ಒಂದು ಸಂಜೆ ಸಿಟ್ಟಿನಲ್ಲಿ. ಡಬ್ಬಗಳು ಸುಟ್ಟು ಹೊಸವು ಬಂದಾಗಲೂ ಅದನ್ನೇ ಮುಂದುವರಿಸಿದೆ. ಇದಕ್ಕೆ ಸೇರಿಸಬೇಕಾದ ಸೂಚನೆ ಒಂದಿದೆ. ಪಾಸ್‌ವರ್ಡು ಯಾವುದೇ ಇರಲಿ, ಮುಂದೊಂದು ದಿನ ಅದನ್ನು ಒಬ್ಬರ ಎದುರು ನಿಂತು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಒಂದು ಭಾನುವಾರ ಸಂಜೆ ಅಣ್ಣಯ್ಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಅವನ ಮನೆಯ ಡಬ್ಬದಲ್ಲಿ ಎರಡು ದಿನದಿಂದ ಕೆಂಪು ದೀಪವಂತೆ. ಬೆಂಗಳೂರಿನಿಂದ ಮಗಳು ವಿಡಿಯೋ ಕಾಲ್ ಮಾಡುವ ಹೊತ್ತು. ಫೋನು ಮುಂದೆ ಹಿಡಿದು, ಕನ್ನಡಕ ಏರಿಸಿಕೊಂಡು, "ಎಂತ ಹಾಕ್ಬೇಕು, ಹೇಳು" ಎಂದ.

ನಾನು ಸ್ಪಾನರಿನ ಎಣ್ಣೆ ಒರೆಸಿದೆ. ಇನ್ನೊಂದು ಸ್ಪಾನರಿನ ಎಣ್ಣೆಯನ್ನೂ ಒರೆಸಿದೆ. ಆಮೇಲೆ ಹೇಳಿದೆ, ಇಂಗ್ಲಿಷ್ ಅಕ್ಷರದಲ್ಲಿ, "ಹಲಸುನನ್ನದೇ."

ಅವನು ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ತೋರುಬೆರಳಿನಿಂದ ಒತ್ತಿದ. ಹದಿಮೂರು ಅಕ್ಷರ. ಅರ್ಧಕ್ಕೆ ಬಂದಾಗ ಒಂದು ಸಲ ನಿಂತ.

"ಎಲ್ಲ ಸಣ್ಣ ಅಕ್ಷರನಾ?"

"ಹೌದು."

"ಮಧ್ಯ ಜಾಗ ಬಿಡ್ಬೇಕಾ?"

"ಬೇಡ ಅಣ್ಣಯ್ಯ."